ಲೋಣಾವಳಾದ ಮರಿ, ಕಾವೇರಿಯ ಮೀನು

ಲೋಣಾವಳಾ ಎಂದರೆ ನಮಗೆ ಚಿಕ್ಕಿ, ಮಳೆಗಾಲದ ಜಲಪಾತಗಳು, ಬೋರ್ ಘಾಟಿನ ರೈಲು ಸುರಂಗಗಳು ನೆನಪಾಗುತ್ತವೆ. ಆ ಊರಿಗೂ ನಮ್ಮ ಕಾವೇರಿಗೂ ಇರುವ ಗಾಢವಾದ ನಂಟು ಹೆಚ್ಚಿನವರಿಗೆ ತಿಳಿದಿಲ್ಲ. ಲೋಣಾವಳಾದ ಬೆಟ್ಟಗಳಲ್ಲಿ ಬಿದ್ದ ಮಳೆ ಇಂದ್ರಾಯಣಿಯಾಗಿ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಕಲಬುರಗಿ, ಯಾದಗಿರಿಗಳನ್ನು ಹಾದು ಕೃಷ್ಣೆಗೆ ಕೂಡುತ್ತದೆ. ಈ ನೀರಿನಲ್ಲಿ ಒಂದು ಹನಿಯೂ ತಾನಾಗಿ ಕಾವೇರಿಗೆ ಬರುವುದಿಲ್ಲ. ಆದರೆ ಈ ನೀರಿನ ಮೀನು ಬಂತು. 1970ರ ದಶಕದಿಂದ ಈಚೆಗೆ ಲೋಣಾವಳಾದಲ್ಲಿ ಮರಿ ಮಾಡಿದ ಮಹಶೀರ್ ಮೀನುಗಳನ್ನು ಕಾವೇರಿಗೆ ತಂದು ಬಿಡಲಾಯಿತು. ಇಂದು ಆ ನದಿಯಲ್ಲಿ ಸಿಗುವ ಮಹಶೀರ್‌ಗಳಲ್ಲಿ ಬಹುಪಾಲು ಆ ಮರಿಗಳ ಸಂತತಿ. ಕಾವೇರಿಯ ಸ್ವಂತ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ನದಿಗೆ ಮೀನುಮರಿ ಬಿಡುವುದನ್ನು ನಾವು ಗಿಡ ನೆಡುವಷ್ಟೇ ನಿರಪಾಯದ ಪುಣ್ಯಕಾರ್ಯ ಎಂದು ಭಾವಿಸಿದ್ದೇವೆ. ಮೀನಿನ ವಂಶವಾಹಿಗಳನ್ನು ಓದಿದಾಗ ಸಿಗುವ ಸಾಕ್ಷ್ಯ ಬೇರೆ ಮಾತು ಹೇಳುತ್ತದೆ. ಉಳಿಸಬೇಕಾದದ್ದು ಮೀನಿನ ಸಂಖ್ಯೆಯನ್ನಷ್ಟೇ ಎಂದು ತಿಳಿದು ನಡೆದರೆ, ಸಂಖ್ಯೆ ಹೆಚ್ಚುತ್ತಿರುವಾಗಲೇ ಮೀನು ಕಳೆದುಹೋಗಬಹುದು.

ಲೋಣಾವಳಾದವರು ಮಾಡಿದ ಕೆಲಸ ಸಣ್ಣದಲ್ಲ. 1910ರ ದಶಕದಲ್ಲಿ ಟಾಟಾ ಸಂಸ್ಥೆ ಇಲ್ಲಿ ವಳವಣ, ಲೋಣಾವಳಾ, ಶಿರವಟಾ ಕೆರೆಗಳನ್ನು ಕಟ್ಟಿತು. ಪೂರ್ವಕ್ಕೆ ಹರಿಯಬೇಕಿದ್ದ ನೀರನ್ನು ಕೊಳವೆಗಳಲ್ಲಿ ಘಟ್ಟದ ಕೆಳಗಿನ ಖೋಪೋಲಿಗೆ ಇಳಿಸಿ, 1915ರಲ್ಲಿ ವಿದ್ಯುತ್ ತಯಾರಿಸಲು ತೊಡಗಿತು. ಆ ಕೆರೆಗಳಲ್ಲಿ ಇಂದ್ರಾಯಣಿಯ ಮೂಲದ ಮಹಶೀರ್ ಉಳಿದುಕೊಂಡಿತ್ತು. ಅಣೆಕಟ್ಟು, ಸಿಡಿಮದ್ದು, ವಿಷ ಹಾಕಿ ಹಿಡಿಯುವವರ ಹಾವಳಿ ಇವುಗಳಿಂದ ದೇಶದುದ್ದಕ್ಕೂ ಮಹಶೀರ್ ಕ್ಷೀಣಿಸುತ್ತಿದ್ದ ಕಾಲ ಅದು. 1970ರ ದಶಕದ ಆರಂಭದಲ್ಲಿ ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಇಲ್ಲಿ ಬಲಿತ ತಾಯಿ ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೊಟ್ಟೆ ತೆಗೆದರು, ಗಂಡಿನ ವೀರ್ಯ ಬೆರೆಸಿದರು, ಹರಿಯುವ ತಿಳಿನೀರಿನ ತಟ್ಟೆಗಳಲ್ಲಿ ಮರಿ ಮಾಡಿದರು. ಮಹಶೀರ್‌ನ ಮೊಟ್ಟೆ ಭಾರ, ನೀರಿನ ತಳಕ್ಕೆ ಕೂರುತ್ತದೆ. ಮರಿ ಹೊರಬರಲು ಮೂರ್ನಾಲ್ಕು ದಿನ ಬೇಕು. ಅಷ್ಟು ಹೊತ್ತೂ ನೀರು ತಣ್ಣಗೆ, ಶುದ್ಧವಾಗಿ ಇರಬೇಕು. ಕಟ್ಲಾ, ರೋಹುಗಳ ಮರಿ ಮಾಡುವಷ್ಟು ಸುಲಭದ ಕೆಲಸ ಇದಲ್ಲ. ಇದನ್ನು ಕರಗತ ಮಾಡಿಕೊಂಡು, ಕೇಳಿದ ರಾಜ್ಯಗಳಿಗೆಲ್ಲ ಮರಿ ಕಳಿಸಿದ ಲೋಣಾವಳಾದ ಮರಿ ಕೇಂದ್ರಕ್ಕೆ ಭಾರತದ ಮೀನು ಸಂರಕ್ಷಣೆಯ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಇಲ್ಲಿ ಬೆಳೆಸಿದ ಮುಖ್ಯ ಮೀನು ಟಾರ್ ಖುದ್ರೀ, ನೀಲಿ ಛಾಯೆಯ ರೆಕ್ಕೆಗಳ ಮಹಶೀರ್. 1839ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ ಡಬ್ಲ್ಯು.ಎಚ್. ಸೈಕ್ಸ್ ಅದನ್ನು ಕಂಡದ್ದು ಪುಣೆಯ ಮುಳಾ-ಮುಠಾ ನದಿಯಲ್ಲಿ. ಅಂದರೆ ಇದು ಕೃಷ್ಣಾ ಕಣಿವೆಯ ಮೀನು, ಲೋಣಾವಳಾದ್ದೇ ಮೀನು.

ಕಾವೇರಿಯ ಮೀನು ಇನ್ನೊಂದು. ತಲೆಯ ಹಿಂದಿನಿಂದಲೇ ಬೆನ್ನು ಡುಬ್ಬವಾಗಿ ಏಳುವ, ಕಿತ್ತಳೆ ಬಣ್ಣದ ರೆಕ್ಕೆಗಳ, ಮನುಷ್ಯನಷ್ಟು ತೂಗುವ ಮೀನು ಅದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ 54 ಕಿಲೋಗಿಂತ ಹೆಚ್ಚು ತೂಗಿತ್ತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಯ ಮಡುಗಳಲ್ಲಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಕಟ್ಟಿ ಈ ಮೀನಿಗಾಗಿ ಕಾಯಲು ಜಗತ್ತಿನ ನಾನಾ ಕಡೆಯಿಂದ ಗಾಳಗಾರರು ಬಂದರು. ಇಷ್ಟು ಪ್ರಸಿದ್ಧವಾದ ಮೀನಿಗೆ 2018ರವರೆಗೂ ಸರಿಯಾದ ವೈಜ್ಞಾನಿಕ ಹೆಸರೇ ಗೊತ್ತುಮಾಡಿರಲಿಲ್ಲ ಎಂಬುದು ನಂಬಲು ಕಷ್ಟವಾದರೂ ನಿಜ. ಬಹುಕಾಲ ಇದನ್ನು ಟಾರ್ ಮುಸುಲ್ಲಾ ಎಂದು ಕರೆದರು. ಆ ಹೆಸರೂ ಸೈಕ್ಸ್ ಪುಣೆ ಸೀಮೆಯ ಮೀನೊಂದಕ್ಕೆ ಕೊಟ್ಟದ್ದು, ಮತ್ತು ಆ ಮೀನು ಮಹಶೀರ್ ಕುಲಕ್ಕೇ ಸೇರಿದ್ದಲ್ಲ ಎಂದು 2013ರಲ್ಲಿ ಗೊತ್ತಾಯಿತು. ಕೆಲವರು ಡುಬ್ಬದ ಮೀನನ್ನು ಖುದ್ರೀಯದೇ ದೊಡ್ಡ ರೂಪ ಎಂದು ತಳ್ಳಿಹಾಕಿದ್ದರು. ಹೆಸರಿನ ಈ ಗೊಂದಲ ಗ್ರಂಥಾಲಯದ ಜಗಳವಾಗಿ ಉಳಿಯಲಿಲ್ಲ. ಹೆಸರಿಲ್ಲದ ಮೀನು ಯಾವ ಅಪಾಯದ ಪಟ್ಟಿಗೂ ಸೇರುವಂತಿಲ್ಲ. ಎರಡೂ ಒಂದೇ ಎಂದುಕೊಂಡವರಿಗೆ ಒಂದರ ನದಿಗೆ ಇನ್ನೊಂದರ ಮರಿ ಬಿಡುವುದು ತಪ್ಪಾಗಿ ಕಾಣುವುದೂ ಇಲ್ಲ.

ಗಂಟನ್ನು ಬಿಡಿಸಿದ್ದು ಡಿಎನ್‌ಎ. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೊಚ್ಚಿಯ ರಾಜೀವ್ ರಾಘವನ್, ಪುಣೆಯ ನೀಲೇಶ್ ದಹಾನೂಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಕಾವೇರಿ ವ್ಯವಸ್ಥೆಯ ಡುಬ್ಬದ ಮೀನಿನ ದೇಹರಚನೆಯನ್ನೂ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಇತರ ಮಹಶೀರ್‌ಗಳದ್ದರ ಜೊತೆ ಹೋಲಿಸಿತು. ಮೈಟೊಕಾಂಡ್ರಿಯ ಜೀವಕೋಶದೊಳಗೆ ಶಕ್ತಿ ಒದಗಿಸುವ ಸಣ್ಣ ಘಟಕ. ಅದಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಸುರುಳಿ ಇದೆ, ಅದು ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ. ಪೀಳಿಗೆಯಿಂದ ಪೀಳಿಗೆಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಎರಡು ಗುಂಪುಗಳು ಬೇರ್ಪಟ್ಟು ಹೆಚ್ಚು ಕಾಲ ಕಳೆದಷ್ಟೂ ಈ ವ್ಯತ್ಯಾಸಗಳು ಹೆಚ್ಚಾಗಿ ಕೂಡಿಕೊಳ್ಳುತ್ತವೆ. ಹಾಗಾಗಿ ಅಕ್ಷರಗಳ ವ್ಯತ್ಯಾಸವನ್ನು ಎಣಿಸಿದರೆ ಯಾವುದು ಯಾರಿಗೆ ಹತ್ತಿರದ ನಂಟು ಎಂದು ತಿಳಿಯುತ್ತದೆ. ಕಾವೇರಿಯ ಡುಬ್ಬದ ಮಹಶೀರ್ ಖುದ್ರೀಯ ಕವಲಿನಲ್ಲಿ ಕೂರಲಿಲ್ಲ. ಅದು ಕೇರಳದ ಚಿನ್ನಾರ್ ಅರಣ್ಯದ ಪಾಂಬಾರ್ ಹೊಳೆಯಲ್ಲಿ ಸಿಕ್ಕಿ, 2007ರಲ್ಲಿ ಮೀನು ವಿಜ್ಞಾನಿ ರೇಮಾ ದೇವಿಯವರ ಹೆಸರಿನಲ್ಲಿ ಟಾರ್ ರೇಮಾದೇವಿ ಎಂದು ನಾಮಕರಣಗೊಂಡಿದ್ದ ಸಣ್ಣ ಮೀನುಗಳ ಜೊತೆ ಹೊಂದಿತು. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುತ್ತದೆ. ಅಧ್ಯಯನ ಪ್ರಕಟವಾದ 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಮೀನನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ಅಳಿವಿನ ಅಂಚಿನ ಪಟ್ಟಿಯಲ್ಲಿ ಇದಕ್ಕಿಂತ ಮುಂದಿನ ಮೆಟ್ಟಿಲು ಸಹಜ ನೆಲೆಯಲ್ಲಿ ಸಂಪೂರ್ಣ ಕಣ್ಮರೆಯಾಗುವುದೇ.

ಒಂದೇ ನಾಡಿನ ಎರಡು ನದಿಗಳ ಮೀನುಗಳು ಇಷ್ಟು ಬೇರೆಯಾಗಲು ಕಾರಣ ಸರಳ. ಮಹಶೀರ್ ಉಪ್ಪುನೀರಿನಲ್ಲಿ ಬದುಕದು. ಕೃಷ್ಣೆಯ ಮೀನಿಗೆ ಸಮುದ್ರ ಬಳಸಿ ಕಾವೇರಿಗೆ ಬರುವ ದಾರಿಯಿಲ್ಲ, ಜಲವಿಭಜಕದ ಬೆಟ್ಟ ಹತ್ತುವ ದಾರಿಯೂ ಇಲ್ಲ. ಒಂದು ನದಿಯಲ್ಲಿ ಹುಟ್ಟಿದ ಬದಲಾವಣೆ ಆ ನದಿಯಲ್ಲೇ ಉಳಿಯುತ್ತದೆ. ಅದರಲ್ಲಿ ಕೆಲವು ಕೇವಲ ಆಕಸ್ಮಿಕ, ಇನ್ನು ಕೆಲವು ಆ ನೀರಿಗೆ ಹೊಂದಿಕೆಯಾದವು. ಇಂದ್ರಾಯಣಿ ಹುಟ್ಟುವುದು ಕಪ್ಪು ಬಸಾಲ್ಟ್ ಶಿಲೆಯ ಮೇಲೆ. ಕಾವೇರಿ ಹರಿಯುವುದು ಹೆಚ್ಚಾಗಿ ಅದಕ್ಕಿಂತ ಬಹಳ ಪ್ರಾಚೀನವಾದ ನೈಸ್ ಮತ್ತು ಗ್ರಾನೈಟ್ ಬಂಡೆಗಳ ನಡುವೆ. ಶಿವನಸಮುದ್ರದ ಕೆಳಗೆ ಅದು ಇಕ್ಕಟ್ಟಾದ ಕಣಿವೆಯಲ್ಲಿ ರಭಸದಿಂದ ಇಳಿಯುತ್ತದೆ. ನೀರಿನ ಗುಣ, ಮಳೆಯ ಹೊತ್ತು, ಪ್ರವಾಹದ ಬಲ ಎಲ್ಲವೂ ಬೇರೆ. ಯಾವಾಗ ಮೊಟ್ಟೆ ಇಡಬೇಕು, ಎಷ್ಟು ದೂರ ವಲಸೆ ಹೋಗಬೇಕು, ಎಷ್ಟು ದೊಡ್ಡದಾಗಿ ಬೆಳೆಯಬೇಕು ಎಂಬುದನ್ನು ತೀರ್ಮಾನಿಸುವ ವಂಶವಾಹಿಗಳ ಮೇಲೆ ಪ್ರತಿ ನದಿಯೂ ತನ್ನದೇ ರೀತಿಯಲ್ಲಿ ಆಯ್ಕೆ ನಡೆಸುತ್ತದೆ. ಜನಸಂಖ್ಯಾ ತಳಿಶಾಸ್ತ್ರ ಹೇಳುವ ಮೊದಲ ಪಾಠವೇ ಇದು: ಪ್ರಭೇದ ಎಂಬುದು ಒಂದೇ ಬಗೆಯ ಜೀವಿಗಳ ರಾಶಿಯಾಗಿರುವುದು ಅಪರೂಪ. ಅದು ಹಲವು ಸ್ಥಳೀಯ ಬಳಗಗಳ ಕೂಟ, ಪ್ರತಿ ಬಳಗಕ್ಕೂ ತನ್ನದೇ ವಂಶವಾಹಿಗಳ ಗಂಟಿದೆ.

ಮರಿ ಮಾಡುವ ಕೇಂದ್ರದೊಳಗೆ ಏನಾಗುತ್ತದೆ ಎಂಬುದೂ ಇಲ್ಲಿ ಮುಖ್ಯ. ಒಂದು ಮಹಶೀರ್ ತಾಯಿ ಸಾವಿರಾರು ಮೊಟ್ಟೆ ಕೊಡುತ್ತದೆ. ಐದು ಹೆಣ್ಣು, ಐದು ಗಂಡಿನಿಂದ ಲೆಕ್ಕವಿಲ್ಲದಷ್ಟು ಮರಿ ಮಾಡಬಹುದು. ಬಕೆಟ್ಟಿನಲ್ಲಿ ನೋಡಿದರೆ ಸಮೃದ್ಧಿ, ವಂಶವಾಹಿಗಳ ಲೆಕ್ಕದಲ್ಲಿ ಮಾತ್ರ ಅವೆಲ್ಲ ಹತ್ತೇ ಪಾಲಕರ ಮಕ್ಕಳು. ನಾನಾ ಬಣ್ಣದ ಕಾಳು ಬೆರೆತ ಮೂಟೆಯಿಂದ ಕಣ್ಣು ಮುಚ್ಚಿ ಒಂದು ಹಿಡಿ ತೆಗೆದು ಅದನ್ನೇ ಬಿತ್ತನೆಗೆ ಇಟ್ಟುಕೊಂಡರೆ ಅಪರೂಪದ ಬಣ್ಣಗಳು ಮೊದಲ ವರ್ಷವೇ ಬಿಟ್ಟುಹೋಗುತ್ತವೆ. ಆಯ್ಕೆಯ ಒತ್ತಡವಿಲ್ಲದೆ, ಬರೀ ಆಕಸ್ಮಿಕದಿಂದ ವೈವಿಧ್ಯ ಸೋರಿಹೋಗುವ ಈ ಕ್ರಿಯೆಯನ್ನು ವಿಜ್ಞಾನಿಗಳು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಇದರ ಗಣಿತ ಕಠಿಣವೇನಲ್ಲ. ಸಂತಾನಕ್ಕೆ ಪಾಲು ಕೊಡುವ ಪರಿಣಾಮಕಾರಿ ಸಂಖ್ಯೆ 10 ಆಗಿದ್ದರೆ ಪ್ರತಿ ಪೀಳಿಗೆಗೂ ವೈವಿಧ್ಯದ ಶೇ. 5 ಭಾಗ ಹೋಗುತ್ತದೆ. ಹೀಗೇ ಹತ್ತು ಪೀಳಿಗೆ ನಡೆದರೆ ಸುಮಾರು ಶೇ. 40 ಭಾಗ ಇಲ್ಲವಾಗುತ್ತದೆ. ಗಂಡು-ಹೆಣ್ಣಿನ ಪ್ರಮಾಣ ಏರುಪೇರಾದರೆ ನಷ್ಟ ಇನ್ನೂ ವೇಗ: 20 ಹೆಣ್ಣುಗಳಿಗೆ ಒಂದೇ ಗಂಡಿನ ವೀರ್ಯ ಬಳಸಿದರೆ, 21 ಮೀನುಗಳಿದ್ದರೂ ಪರಿಣಾಮಕಾರಿ ಸಂಖ್ಯೆ ನಾಲ್ಕನ್ನೂ ಮುಟ್ಟದು. ಇಂಥ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ನದಿಗೆ ಬಿಟ್ಟಾಗ, ನದಿಯ ಸಹಜ ಮೀನುಗಳ ಪಾಲು ಕುಗ್ಗಿ, ಇಡೀ ನದಿಯ ಪರಿಣಾಮಕಾರಿ ಸಂಖ್ಯೆಯೇ ಕೆಳಗಿಳಿಯಬಹುದು ಎಂದು 1991ರಲ್ಲಿ ಸ್ವೀಡನ್ನಿನ ನಿಲ್ಸ್ ರೈಮನ್ ಮತ್ತು ಲಿಂಡಾ ಲೈಕ್ರೆ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಒರೆಗಾನಿನ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಕಟ್ಟಿದ ಅಧ್ಯಯನ 2007ರಲ್ಲಿ ಇನ್ನೊಂದು ಸಂಗತಿ ಹೇಳಿತು: ಸಾಕಣೆಯಲ್ಲಿ ಕಳೆದ ಪ್ರತಿ ಪೀಳಿಗೆಗೂ, ನದಿಗೆ ಮರಳಿದ ಮೀನಿನ ಸಂತಾನ ಸಾಮರ್ಥ್ಯ ಸುಮಾರು ಶೇ. 40ರಷ್ಟು ಕುಸಿದಿತ್ತು. ತೊಟ್ಟಿಯಲ್ಲಿ ಬದುಕಲು ಬೇಕಾದ ಗುಣ ಬೇರೆ, ನದಿಯಲ್ಲಿ ಬದುಕಲು ಬೇಕಾದ ಗುಣ ಬೇರೆ. ತೊಟ್ಟಿಯೂ ಆಯ್ಕೆ ನಡೆಸುತ್ತಲೇ ಇರುತ್ತದೆ.

ಕಾವೇರಿಯಲ್ಲಿ ನಡೆದದ್ದಕ್ಕೆ ಗಾಳಗಾರರ ದಿನಚರಿ ಪುಸ್ತಕಗಳೇ ಸಾಕ್ಷಿ. ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ಬರಹಗಳನ್ನು ಪಿಂಡರ್ ತಂಡ ಪರಿಶೀಲಿಸಿದಾಗ, ಸಿಗುವ ಮಹಶೀರ್‌ಗಳ ಎಣಿಕೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಏರುತ್ತಿದ್ದದ್ದು ನೀಲಿ ರೆಕ್ಕೆಯ ಮೀನು, ವಿರಳವಾಗುತ್ತಿದ್ದದ್ದು ಕಿತ್ತಳೆ ರೆಕ್ಕೆಯ ಡುಬ್ಬದ ಮೀನು. ಎಣಿಕೆ ಮಾತ್ರ ನೋಡಿದವರಿಗೆ ಇದು ಸಂರಕ್ಷಣೆಯ ಗೆಲುವಾಗಿ ಕಂಡಿತು. ವರ್ಷಾನುಗಟ್ಟಲೆ ಹಾಗೇ ಕೊಂಡಾಡಲಾಯಿತು ಕೂಡ.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಒಂದು ಮೀನು ಹೆಚ್ಚಿದ ಕಾಲದಲ್ಲೇ ಇನ್ನೊಂದು ಕಡಿಮೆಯಾಯಿತು ಎಂದಮಾತ್ರಕ್ಕೆ ಮೊದಲನೆಯದೇ ಕಾರಣ ಎನ್ನಬಹುದೇ? ಕನ್ನಂಬಾಡಿ, ಮೆಟ್ಟೂರು, ಕಬಿನಿ, ಹಾರಂಗಿ ಅಣೆಕಟ್ಟುಗಳು ಕಾವೇರಿಯನ್ನು ತುಂಡು ತುಂಡು ಮಾಡಿವೆ. ಮರಳು ತೆಗೆಯುವವರು ಮೊಟ್ಟೆ ಇಡುವ ಜಾಗಗಳನ್ನು ಕೆದಕಿದ್ದಾರೆ. ಸಿಡಿಮದ್ದಿನ ಹಾವಳಿ ಇದ್ದೇ ಇದೆ, ಬೇಸಿಗೆಯಲ್ಲಿ ಹರಿವೇ ಕ್ಷೀಣಿಸುತ್ತದೆ. ಈ ಆಕ್ಷೇಪದಲ್ಲಿ ತಿರುಳಿದೆ, ಮತ್ತು ಹೊರಗಿನ ಮರಿಯೊಂದೇ ಡುಬ್ಬದ ಮೀನನ್ನು ಕೊಂದಿತು ಎಂದು ವಾದಿಸುವುದು ತಪ್ಪಾಗುತ್ತದೆ. ಆದರೆ ಒಂದು ಪ್ರಶ್ನೆಗೆ ಈ ಕಾರಣಗಳಲ್ಲಿ ಉತ್ತರವಿಲ್ಲ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಎರಡೂ ಮಹಶೀರ್‌ಗಳ ಮೇಲೂ ಬೀಳುವ ಏಟುಗಳು. ಅದೇ ಮಡುವಿನಲ್ಲಿ, ಅದೇ ವರ್ಷಗಳಲ್ಲಿ ಒಂದು ಸೊರಗಿ ಇನ್ನೊಂದು ಹೇಗೆ ಕೊಬ್ಬಿತು? ಮತ್ತೆ ಮತ್ತೆ ತಂದು ಬಿಟ್ಟ ಮರಿಗಳ ಬಲ ಒಂದರ ಬೆನ್ನಿಗಿತ್ತು, ಇನ್ನೊಂದಕ್ಕೆ ಆ ಆಸರೆ ಇರಲಿಲ್ಲ. ನದಿ ಕಿರಿದಾದಷ್ಟೂ ಆಹಾರಕ್ಕೆ, ಮೊಟ್ಟೆ ಇಡುವ ಜಲ್ಲಿನೆಲಕ್ಕೆ ಪೈಪೋಟಿ ಹೆಚ್ಚುತ್ತದೆ. ಮೊದಲೇ ಸೋತ ಮೀನಿನ ಎದುರು ಹೊಸ ಪ್ರತಿಸ್ಪರ್ಧಿಯನ್ನು ನಿಲ್ಲಿಸಿದ್ದು ಆ ಸಂಕಟವನ್ನು ಹೆಚ್ಚಿಸಿತು ಎಂಬುದೇ ಲಭ್ಯ ಸಾಕ್ಷ್ಯಕ್ಕೆ ಹೆಚ್ಚು ಹೊಂದುವ ವಿವರಣೆ. ಖುದ್ರೀ ಮೊದಲಿನಿಂದಲೂ ಕಾವೇರಿಯಲ್ಲಿ ಇದ್ದಿರಬಹುದು ಎನ್ನುವವರೂ ಇದ್ದಾರೆ. ಹಾಗೆ ತೋರಿಸುವ ಹಳೆಯ ಪಟ್ಟಿಗಳು ಎರಡು ಮೀನುಗಳ ಹೆಸರು ಕಲಸಿಹೋಗಿದ್ದ ಕಾಲದವು, ಅವನ್ನು ಆಧಾರವಾಗಿ ಹಿಡಿಯುವುದು ಕಷ್ಟ. ಗಾಳಗಾರರ ಬರಹಗಳಲ್ಲಿ ನೀಲಿ ರೆಕ್ಕೆಯ ಮೀನು ಎದ್ದುಕಾಣತೊಡಗುವುದು ಮರಿ ಬಿಟ್ಟ ನಂತರವೇ.

ಇನ್ನೊಂದು ವಾದ ಕೇಳಲು ಹಿತವಾಗಿದೆ: ಹೊಸ ರಕ್ತ ಸೇರಿದರೆ ತಳಿ ಬಲವಾಗುತ್ತದೆ, ಬೆರೆತರೆ ಬೆರೆಯಲಿ. ಇದಕ್ಕೆ ದೊಡ್ಡ ಉದಾಹರಣೆಯೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಒಳಸಂಬಂಧದಿಂದ ಹೃದಯದೋಷ, ವೀರ್ಯದೋಷಗಳಿಗೆ ಈಡಾಗಿದ್ದ ಪ್ಯೂಮಾಗಳ ನಡುವೆ 1995ರಲ್ಲಿ ಟೆಕ್ಸಾಸಿನ ಎಂಟು ಹೆಣ್ಣುಗಳನ್ನು ಬಿಟ್ಟರು, ಆ ಬಳಗ ಚೇತರಿಸಿಕೊಂಡಿತು. ಆದರೆ ಅಲ್ಲಿ ತಂದದ್ದು ಅದೇ ಪ್ರಭೇದದ, ಕೆಲವು ಪೀಳಿಗೆಗಳ ಹಿಂದಷ್ಟೇ ಮನುಷ್ಯ ನೆಲೆ ಒಡೆದದ್ದರಿಂದ ಬೇರ್ಪಟ್ಟ ನೆಂಟರನ್ನು. ತಂದದ್ದು ಬೆರಳೆಣಿಕೆಯಷ್ಟನ್ನು, ಅದೂ ರೋಗ ಗುರುತಿಸಿದ ಮೇಲೆ. ಕಾವೇರಿಗೆ ತಂದದ್ದು ಬೇರೆ ಪ್ರಭೇದವನ್ನು, ದೊಡ್ಡ ಸಂಖ್ಯೆಯಲ್ಲಿ, ನದಿಯ ಸ್ವಂತ ಮೀನು ಯಾವುದೆಂದು ಗೊತ್ತುಮಾಡಿಕೊಳ್ಳುವ ಮೊದಲೇ. ಮಹಶೀರ್‌ಗಳ ವಿಷಯದಲ್ಲಿ ಬೆರಕೆಯ ಅಪಾಯ ವಿಶೇಷವಾಗಿ ಹೆಚ್ಚು. ಈ ಕುಲದ ಪೂರ್ವಜರಲ್ಲಿ ಎಂದೋ ಇಡೀ ವರ್ಣತಂತು ಸಮೂಹವೇ ಇಮ್ಮಡಿಯಾಗಿತ್ತು. ಗೆಂಡೆ ಬಳಗದ ಬಹುತೇಕ ಮೀನುಗಳಿಗೆ 50 ವರ್ಣತಂತುಗಳಿದ್ದರೆ ಮಹಶೀರ್‌ಗಳಿಗೆ 100. ಪ್ರಭೇದ ಬೇರೆಯಾದರೂ ಈ ಸಂಖ್ಯೆ ಒಂದೇ ಆಗಿರುವುದು ಬೆರಕೆಗೆ ಅನುಕೂಲ. ಮಹಶೀರ್ ಪ್ರಭೇದಗಳ ನಡುವೆ ಬೆರಕೆ ಮರಿ ಪಡೆಯಬಹುದು ಎಂಬುದನ್ನು ಲೋಣಾವಳಾದಲ್ಲೇ ಪ್ರಯೋಗ ಮಾಡಿ ನೋಡಲಾಗಿದೆ. ನದಿಯಲ್ಲಿ ಇದು ಹರಡಿದರೆ ಡುಬ್ಬದ ಮೀನು ಸಾಯದೆಯೇ ಇಲ್ಲವಾಗಬಹುದು: ಮೀನುಗಳು ಇರುತ್ತವೆ, ಆ ವಂಶ ಇರುವುದಿಲ್ಲ. ತಾಯಿಯ ಕಡೆಯ ಡಿಎನ್‌ಎ ಮಾತ್ರ ಓದಿದರೆ ಬೆರಕೆ ಕಣ್ಣಿಗೆ ಬೀಳುವುದೂ ಇಲ್ಲ. ಅದಕ್ಕೆ ಜೀವಕೋಶದ ಕೇಂದ್ರದಲ್ಲಿರುವ, ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯನ್ನು ಪರೀಕ್ಷಿಸಬೇಕು.

ಕೇಂದ್ರಗಳೇ ಇಲ್ಲದಿದ್ದರೆ ಮಹಶೀರ್ ಉಳಿಯುತ್ತಿತ್ತೇ ಎಂಬ ಮಾತಿಗೂ ಉತ್ತರ ಕೊಡಬೇಕು. ಟಾರ್ ಖುದ್ರೀಯನ್ನು ಒಂದು ಕಾಲದಲ್ಲಿ ಅಪಾಯದ ಪಟ್ಟಿಯಲ್ಲಿ ಇಡಲಾಗಿತ್ತು, ಈಗ ಅದು ಆತಂಕವಿಲ್ಲದ ವರ್ಗದಲ್ಲಿದೆ. ಲೋಣಾವಳಾದಲ್ಲಿ ಗಳಿಸಿದ ವಿದ್ಯೆ ನಾಳೆ ಡುಬ್ಬದ ಮೀನಿಗೇ ಬೇಕಾಗಬಹುದು. ನನ್ನ ತಕರಾರು ವಿದ್ಯೆಯ ಮೇಲಿಲ್ಲ, ಅದನ್ನು ನದಿಯ ಗಡಿ ನೋಡದೆ ಬಳಸಿದ್ದರ ಮೇಲೆ. 1970ರ ದಶಕದಲ್ಲಿ ಮೀನಿನ ಡಿಎನ್‌ಎ ಓದುವ ಸಾಧನ ಇರಲಿಲ್ಲ. ಅಂದಿನವರನ್ನು ಇಂದಿನ ಜ್ಞಾನದಿಂದ ಅಳೆಯುವುದು ಅನ್ಯಾಯ. ಇಂದು ಆ ನೆಪವಿಲ್ಲ. ರೆಕ್ಕೆಯ ಚೂರೊಂದನ್ನು ಆಲ್ಕೋಹಾಲಿನಲ್ಲಿ ಇಟ್ಟು ಕಳಿಸಿದರೆ ಮೀನು ಯಾವ ಪ್ರಭೇದದ್ದು, ಯಾವ ಬಳಗಕ್ಕೆ ಹತ್ತಿರ ಎಂದು ಹೇಳುವ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಮೀನಿಗೆ ಇದರಿಂದ ಹಾನಿಯೂ ಇಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಕಾವೇರಿಗೆ ಬಂದುಬಿಟ್ಟ ಖುದ್ರೀಯನ್ನು ಈಗ ಹೊರಹಾಕಲು ಆಗದು. ಹೊಸದಾಗಿ ತಂದು ಬಿಡುವುದನ್ನು ನಿಲ್ಲಿಸಲು ಆಗುತ್ತದೆ. ಡುಬ್ಬದ ಮೀನು ಇನ್ನೂ ಉಳಿದಿರುವ ನೆಲೆಗಳಲ್ಲಿ ಮೋಯಾರ್ ಹೊಳೆ ಮುಖ್ಯವಾದದ್ದು. ಅದು ಭವಾನಿಯ ಮೂಲಕ ಕಾವೇರಿಗೆ ಸೇರುತ್ತದೆ, ಅದರ ನೀರು ಮತ್ತು ಹರಿವನ್ನು ಕಾಪಾಡುವುದು ಯಾವ ಮರಿ ಕೇಂದ್ರಕ್ಕಿಂತಲೂ ಮೊದಲಿನ ಕೆಲಸ. ಮೇಕೆದಾಟಿನಲ್ಲಿ ಅಣೆಕಟ್ಟು ಬಂದರೆ ಈ ಮೀನಿನ ಹಳೆಯ ಮಡುಗಳಿರುವ ಕಣಿವೆ ಮುಳುಗುತ್ತದೆ ಎಂಬುದನ್ನು ಕುಡಿಯುವ ನೀರಿನ ಚರ್ಚೆಯಲ್ಲಿ ಮರೆಯಬಾರದು. ಮರಿ ಮಾಡಲೇಬೇಕಾಗಿ ಬಂದರೆ ಆಯಾ ನದಿಯ ತಾಯಿ ಮೀನುಗಳಿಂದಲೇ ಮಾಡಬೇಕು. ಪ್ರತಿ ತಾಯಿ, ಪ್ರತಿ ಗಂಡಿನ ವಂಶವಾಹಿ ಪರೀಕ್ಷಿಸಿ ದಾಖಲಿಸಬೇಕು. ಎರಡರ ಸಂಖ್ಯೆಯೂ ಸಮವಾಗಿರಬೇಕು, ವರ್ಷ ವರ್ಷ ಪಾಲಕರನ್ನು ಬದಲಿಸಬೇಕು. ಇದೇ ನಿಯಮ ತುಂಗೆಗೂ ಅನ್ವಯಿಸುತ್ತದೆ, ನೇತ್ರಾವತಿಗೂ ಅನ್ವಯಿಸುತ್ತದೆ. ತುಂಗೆ ಕೃಷ್ಣಾ ಕಣಿವೆಯದ್ದೇ ಆದರೂ ಅದರ ಮಲೆನಾಡಿನ ಮೀನು ಇಂದ್ರಾಯಣಿಯ ಮೀನಿನಂತೆಯೇ ಇರುತ್ತದೆ ಎಂದು ಪರೀಕ್ಷಿಸದೆ ಊಹಿಸುವಂತಿಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಗಳಲ್ಲಿ ದೇವರ ಮೀನೆಂದು ಜನ ಕಾಯ್ದುಕೊಂಡು ಬಂದ ಮಡುಗಳು ಈ ದೃಷ್ಟಿಯಿಂದ ಅಮೂಲ್ಯ. ಅಲ್ಲಿ ಹಿಡಿಯಬಾರದೆಂಬ ಭಕ್ತಿಯ ಕಟ್ಟಳೆ ಆಯಾ ಹೊಳೆಯ ಮೀನನ್ನು ಆಯಾ ಹೊಳೆಯಲ್ಲೇ ಉಳಿಸುತ್ತ ಬಂದಿದೆ. ಅಲ್ಲಿಗೆ ಹೊರಗಿನ ಮರಿ ತಂದು ಬಿಡುವ ಉತ್ಸಾಹವನ್ನು ಯಾರೂ ತೋರಬಾರದು.

ಮುಂಗಾರು ಬಂದಾಗ ನಮ್ಮ ಊರುಗಳಲ್ಲಿ ಮೀನುಮರಿ ಬಿಡುವ ಕಾರ್ಯಕ್ರಮಗಳು ನಡೆಯುತ್ತವೆ. ಇಲಾಖೆಯವರು, ಸಂಘದವರು, ಶಾಲೆಯ ಮಕ್ಕಳು ಸೇರುತ್ತಾರೆ. ನಿಮಗೂ ಕರೆ ಬಂದರೆ ಹೋಗಿ, ಮರಿ ತಂದವರನ್ನು ಒಂದು ಪ್ರಶ್ನೆ ಕೇಳಿ: ಇವುಗಳ ತಾಯಿ ಯಾವ ನದಿಯದು? ಉತ್ತರ ಸಿಗದಿದ್ದರೆ ಅವುಗಳನ್ನು ಸಾಕುಕೆರೆಗೆ ಕಳಿಸಲು ಹೇಳಿ, ನದಿಗೆ ಬಿಡಲು ಒಪ್ಪಬೇಡಿ.